ಹಕ್ಕಿಗಳಿಗೆ ಎಡೆಗೊಟ್ಟ ಊರು



ವನ್ಯಜೀವಿಗಳ ರಕ್ಷಣೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣಮುಂದೆ ಬರುವ ಚಿತ್ರ ಬಹುಮಟ್ಟಿಗೆ ಒಂದೇ ಬಗೆಯದು. ಊರಿನಿಂದ ದೂರದಲ್ಲಿ ಒಂದು ಕಾಡು. ಕಾಡಿನ ಎಲ್ಲೆಯಲ್ಲಿ ಒಂದು ಫಲಕ. ಫಲಕದ ಪಕ್ಕದಲ್ಲಿ ಒಬ್ಬ ಕಾವಲುಗಾರ. ಅವನ ಬೆನ್ನಿಗೆ ಸರ್ಕಾರದ ಕಾನೂನು. ಈ ಚಿತ್ರ ಸುಳ್ಳಲ್ಲ. ಕಾವೇರಿಯ ನಡುವೆ ಇರುವ ರಂಗನತಿಟ್ಟು ಹೀಗೆಯೇ ಉಳಿದುಬಂದ ಸ್ಥಳ. ೧೬೪೫ರಿಂದ ೧೬೪೮ರ ವರೆಗಿನ ಅವಧಿಯಲ್ಲಿ ಮೈಸೂರಿನ ಅರಸರು ನದಿಗೆ ಅಡ್ಡಲಾಗಿ ಕಟ್ಟೆಯನ್ನು ಕಟ್ಟಿಸಿದರು. ಅದರಿಂದ ಅಲ್ಲಿ ಕೆಲವು ನಡುಗಡ್ಡೆಗಳು ಏರ್ಪಟ್ಟುವು. ಹಕ್ಕಿಗಳು ಅವನ್ನು ಕಂಡು ಗೂಡುಕಟ್ಟಿದುವು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರ ಸಲಹೆಯಂತೆ ೧೯೪೦ರಲ್ಲಿ ಮೈಸೂರು ಸಂಸ್ಥಾನವು ಆ ಸ್ಥಳವನ್ನು ಪಕ್ಷಿಧಾಮವೆಂದು ಸಾರಿತು. ಅಲ್ಲಿ ನೀರೇ ಬೇಲಿ, ಮೊಸಳೆಗಳೇ ಕಾವಲು ಎಂದರೂ ಸಲ್ಲುತ್ತದೆ. ಅಲ್ಲಿಯ ಮರಗಳು ಯಾವ ರೈತನ ಹಿತ್ತಿಲಲ್ಲಿಯೂ ಇಲ್ಲ. ಹಕ್ಕಿ ಕುಳಿತುದರಿಂದ ಯಾರ ಮನೆಯ ಆದಾಯಕ್ಕೂ ಕುಂದಿಲ್ಲ.

ಇಂದು ನಾನು ಹೇಳಹೊರಟಿರುವುದು ಇದಕ್ಕೆ ತೀರ ಬೇರೆಯಾದ ಒಂದು ಸ್ಥಳದ ವಿಚಾರ. ಅಲ್ಲಿ ನೀರಿನ ಬೇಲಿಯಿಲ್ಲ, ಕಾಡೂ ಇಲ್ಲ. ಹಕ್ಕಿಗಳು ಗೂಡು ಕಟ್ಟುವುದು ಊರ ಒಳಗೆ. ಮನೆಯ ಮುಂದಿನ, ಹಿತ್ತಿಲಿನ, ಕಣದ ಪಕ್ಕದ ಮರಗಳಲ್ಲಿ. ಆ ಮರಗಳಿಗೆ ಒಡೆಯರುಂಟು, ಒಡೆಯರಿಗೆ ಸಂಸಾರಗಳುಂಟು. ಈ ಹಕ್ಕಿಗಳನ್ನು ಇಷ್ಟು ದಿನ ಕಾಪಾಡಿಕೊಂಡು ಬಂದವರು ಯಾರು, ಅದಕ್ಕೆ ಅವರು ತೆತ್ತ ಬೆಲೆಯೇನು, ಇನ್ನು ಮುಂದೆಯೂ ತೆರುವಂತಾಗಬೇಕಾದರೆ ಏನು ನಡೆಯಬೇಕು ಎಂಬುದೇ ಇಂದಿನ ಪ್ರಸ್ತಾವ.

ಊರಿನ ಹೆಸರು ಕೊಕ್ಕರೆ ಬೆಳ್ಳೂರು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಬಳಿ ತಿರುಗಿ ಏಳೆಂಟು ಮೈಲಿ ಒಳಗೆ ಹೋದರೆ ಸಿಕ್ಕುತ್ತದೆ. ಹತ್ತಿರದಲ್ಲಿ ಶಿಂಷಾ ನದಿ ಹರಿಯುತ್ತದೆ. ರಾಗಿ, ಕಬ್ಬು, ಬತ್ತ ಬೆಳೆಯುವ ಮಂಡ್ಯದ ಸೀಮೆಯ ಉಳಿದ ಹಳ್ಳಿಗಳಿಗೂ ಇದಕ್ಕೂ ಮೇಲುನೋಟಕ್ಕೆ ಭೇದವೇನೂ ಕಾಣದು. ಆದರೆ ಮಾಗಿಯ ಚಳಿ ಬೀಳುವ ಹೊತ್ತಿಗೆ, ನವೆಂಬರ್ ಡಿಸೆಂಬರ್ ತಿಂಗಳುಗಳಿಂದ ಮೊದಲುಗೊಂಡು, ದೊಡ್ಡ ದೊಡ್ಡ ಹಕ್ಕಿಗಳು ತಂಡತಂಡವಾಗಿ ಬಂದಿಳಿದು ಊರಿನ ಮರಗಳ ತುದಿಗಳನ್ನೆಲ್ಲ ಹಿಡಿದುಬಿಡುತ್ತವೆ. ಮೇ ಜೂನ್ ವರೆಗೂ ಅವುಗಳ ಸಂಸಾರ ಅಲ್ಲಿಯೇ.

ಹೀಗೆ ಬರುವ ಹಕ್ಕಿಗಳಲ್ಲಿ ಮುಖ್ಯವಾದುವು ಎರಡು ಜಾತಿ. ಒಂದು ಬಣ್ಣದ ಕೊಕ್ಕರೆ. ಉದ್ದ ಕಾಲು, ಹಳದಿಯ ಕೊಕ್ಕು, ಬಿಳಿಯ ಮೈ, ರೆಕ್ಕೆಯಲ್ಲಿ ಕಪ್ಪು ಪಟ್ಟೆ, ಬಾಲದ ಕಡೆ ಕುಂಕುಮ ಎರಚಿದಂತಹ ನಸುಗೆಂಪು. ಬೆಳೆದ ಹಕ್ಕಿ ಬಹುಮಟ್ಟಿಗೆ ಮೂಕ; ಕೊಕ್ಕನ್ನು ಪಟಪಟನೆ ತಾಟಿಸಿ ತನ್ನ ಇಂಗಿತವನ್ನು ತಿಳಿಸುತ್ತದೆ. ಇನ್ನೊಂದು ಹೆಜ್ಜಾರ್ಲೆ. ಬೂದುಬಣ್ಣ ಬೆರೆತ ಬಿಳಿಯ ಭಾರಿ ಹಕ್ಕಿ. ರೆಕ್ಕೆಗಳನ್ನು ಬಿಚ್ಚಿದರೆ ಏಳು ಅಡಿಗೂ ಮಿಕ್ಕ ಅಗಲ. ಕೊಕ್ಕಿನ ಕೆಳಗೆ ಜೋಲುವ ಚೀಲ. ಮರಿಗಳು ತಾಯಿಯ ಈ ಚೀಲದೊಳಕ್ಕೆ ತಲೆಯನ್ನೇ ತೂರಿಸಿ ಮೀನನ್ನು ತೆಗೆದು ತಿನ್ನುವುದನ್ನು ಮೊದಲ ಸಲ ಕಂಡವರಿಗೆ, ತಾಯಿ ಮರಿಯನ್ನು ನುಂಗುತ್ತಿದೆಯೋ ಎಂಬ ಭ್ರಾಂತಿಯಾಗುವುದುಂಟು. ಮೊಟ್ಟೆಯೊಡೆಯಲು ಸುಮಾರು ಒಂದು ತಿಂಗಳು ಬೇಕು. ಅನಂತರವೂ ಮರಿ ಮೂರು ತಿಂಗಳಿಗೆ ಕಡಮೆಯಿಲ್ಲದಂತೆ ಗೂಡಿಗೆ ಅಂಟಿಕೊಂಡಿರುತ್ತದೆ. ಈ ಕಾಲದ ಲೆಕ್ಕವನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದೆ ಇದರಿಂದಲೇ ತೊಡಕು ಹುಟ್ಟುವುದು.

ಇಷ್ಟೊಂದು ನಾಚಿಕೆಯ ನೀರುಹಕ್ಕಿಗಳು ಜನರ ಗದ್ದಲದ ನಡುವೆ ಬಂದು ಮನೆಮಾಡುವುದೇಕೆ? ಕಾರಣ ಸರಳವಾದುದು. ಗೂಡಿನಲ್ಲಿರುವ ಮೊಟ್ಟೆಗೂ ಮರಿಗೂ ಕಾಡಿನಲ್ಲಿ ಶತ್ರುಗಳು ಹೆಚ್ಚು. ನಾಯಿಯೂ ಮನುಷ್ಯನೂ ತಿರುಗಾಡುವ ಜಾಗದಲ್ಲಿ ಕಾಡುಬೆಕ್ಕು, ನರಿ ಮೊದಲಾದುವು ಸುಳಿಯಲು ಅಂಜುತ್ತವೆ. ಮನುಷ್ಯನೊಬ್ಬನು ಕಲ್ಲೆಸೆಯದೆ, ಮೊಟ್ಟೆ ಕದಿಯದೆ ಇದ್ದರೆ, ಅವನ ನೆರೆಯೇ ಹಕ್ಕಿಗೆ ಎಲ್ಲಕ್ಕಿಂತ ಭದ್ರವಾದ ತಾಣ. ಆದರೆ ಅವನು ಒಂದು ಸಲ ಕಲ್ಲೆಸೆಯಲು ಮೊದಲು ಮಾಡಿದನೆಂದರೆ ಆ ಭದ್ರತೆಯೆಲ್ಲ ಅಲ್ಲಿಗೆ ಮುಗಿಯಿತು. ಹಕ್ಕಿಯ ನಂಬಿಕೆ ಒಬ್ಬಿಬ್ಬರ ಮೇಲಲ್ಲ, ಇಡೀ ಊರಿನ ನಡತೆಯ ಮೇಲೆ ನಿಂತದ್ದು. ತೊಂಬತ್ತೊಂಬತ್ತು ಮನೆಗಳು ಸುಮ್ಮನಿದ್ದು ಒಂದು ಮನೆ ಬಂದೂಕು ಹಿಡಿದರೂ ಸಾಕು.

ಈ ಸಂಬಂಧ ಎಷ್ಟು ಹಳೆಯದು? ಊರಿನ ಹಿರಿಯರು ತಲೆಮಾರುಗಳಿಂದ ಹೇಳಿಕೊಂಡು ಬಂದಿರುವ ಮಾತೊಂದಿದೆ. ಹಿಂದೆ ಊರು ಶಿಂಷಾ ನದಿಯ ದಡಕ್ಕೆ ಹತ್ತಿರವಾಗಿ ಇತ್ತಂತೆ. ೧೯೧೬ರ ಸುಮಾರಿಗೆ ಪ್ಲೇಗು ಮಾರಿ ಹಬ್ಬಿದಾಗ ಜನರು ಆ ನಿವೇಶನವನ್ನು ಬಿಟ್ಟು ಈಗಿನ ಸ್ಥಳಕ್ಕೆ ಬಂದರಂತೆ. ಸ್ವಲ್ಪ ಕಾಲದಲ್ಲಿಯೇ ಹಕ್ಕಿಗಳೂ ಹಳೆಯ ಮರಗಳನ್ನು ತೊರೆದು ಜನರ ಹಿಂದೆಯೇ ಬಂದುವಂತೆ. ಜನರು ಎದ್ದುಹೋದ ಮೇಲೆ ಆ ಮರಗಳು ಹಕ್ಕಿಗಳಿಗೆ ಬರಿಯ ಮರಗಳಾದುವು, ಮನೆಯಾಗಿ ಉಳಿಯಲಿಲ್ಲ ಎಂದು ಇದಕ್ಕೆ ಅರ್ಥ ಹೇಳಬಹುದು. ಹಿಂದಿನ ಶತಮಾನಗಳ ಗ್ರಂಥಗಳಲ್ಲಿಯೂ ಇಂಥ ಊರುಗಳ ಪ್ರಸ್ತಾಪವಿದೆ. ಜರ್ಡನ್ ಎಂಬ ವಿದ್ವಾಂಸರು ೧೮೬೦ರ ದಶಕದಲ್ಲಿ ಹೊರತಂದ ಭಾರತದ ಪಕ್ಷಿಗಳ ವಿಷಯವಾದ ಗ್ರಂಥದಲ್ಲಿ, ಕರ್ನಾಟಿಕ್ ಪ್ರಾಂತದ ಹಳ್ಳಿಯೊಂದರ ನಟ್ಟನಡುವೆ ಹೆಜ್ಜಾರ್ಲೆಗಳು ಮನುಷ್ಯರನ್ನು ಲಕ್ಷಿಸದೆ ಗೂಡುಕಟ್ಟಿದ್ದುದನ್ನು ವರ್ಣಿಸಿದ್ದಾರೆ. ಅದು ಬೆಳ್ಳೂರೇ ಎಂದು ಕೆಲವರು ಉತ್ಸಾಹದಿಂದ ಹೇಳುವುದುಂಟು. ಜರ್ಡನರು ಊರಿನ ಹೆಸರನ್ನು ಕೊಡದೆ ಇರುವುದರಿಂದ ಆ ಉತ್ಸಾಹಕ್ಕೆ ನಾನು ಕೈಜೋಡಿಸಲಾರೆ. ಇರಲಿ. ವಿದ್ವಲ್ಲೋಕಕ್ಕೆ ಬೆಳ್ಳೂರು ತಿಳಿದುಬಂದದ್ದು ೧೯೭೬ರಲ್ಲಿ, ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು ಅಲ್ಲಿಯ ಹೆಜ್ಜಾರ್ಲೆಗಳನ್ನು ಕಂಡು ವರದಿ ಮಾಡಿದಮೇಲೆ. ಊರಿನವರಿಗೆ ಇದರಲ್ಲಿ ಹೊಸದೇನೂ ಇರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಆ ವರದಿಗೆ ಅಷ್ಟು ಬೆಲೆ ಬಂದುದಕ್ಕೆ ಕಾರಣವುಂಟು. ಹೆಜ್ಜಾರ್ಲೆ ಒಂದು ಕಾಲಕ್ಕೆ ದಕ್ಷಿಣ ಏಷ್ಯದಲ್ಲೆಲ್ಲ ಹೇರಳವಾಗಿದ್ದ ಹಕ್ಕಿ. ಬರ್ಮಾದೇಶದ ಸಿತ್ತಾಂಗ್ ನದಿಯ ಬಯಲಿನಲ್ಲಿ ಅದರ ಲೆಕ್ಕವಿಲ್ಲದಷ್ಟು ಗೂಡುಗಳಿದ್ದುದನ್ನು ಓಟ್ಸ್ ಎಂಬವರು ೧೮೭೭ರಲ್ಲಿ ದಾಖಲುಮಾಡಿದರು. ಇಪ್ಪತ್ತನೆಯ ಶತಮಾನದಲ್ಲಿ ಆ ಮಹಾವಸತಿ ಸಂಪೂರ್ಣವಾಗಿ ಅಳಿದುಹೋಯಿತು. ಕಾಡು ಕಡಿದರು, ಜೌಗನ್ನು ಒಣಗಿಸಿದರು, ಹಕ್ಕಿ ಹೋಯಿತು. ಅಂಥ ಹಕ್ಕಿ ಮೈಸೂರು ಸೀಮೆಯ ಹಳ್ಳಿಯೊಂದರ ಹುಣಸೆಮರಗಳಲ್ಲಿ ನಿಶ್ಚಿಂತೆಯಿಂದ ಮರಿಮಾಡುತ್ತಿದೆ ಎಂದರೆ, ಅದು ಉಳಿದಿರುವುದು ಮರದಿಂದ ಮಾತ್ರವಲ್ಲ, ಮರದ ಒಡೆಯನಿಂದ.

ಈಗ ಆ ಒಡೆಯನ ಕಡೆಗೆ ತಿರುಗೋಣ. ಹಕ್ಕಿಗಳನ್ನು ಕುರಿತು ಬರೆಯುವವರು ಅವನ ಲೆಕ್ಕದ ಪುಸ್ತಕವನ್ನು ನೋಡುವುದು ಅಪರೂಪ.

ಬೆಳ್ಳೂರಿನಲ್ಲಿ ಅರಳಿ, ಆಲ, ಜಾಲಿ ಮೊದಲಾದ ಮರಗಳಲ್ಲಿಯೂ ಗೂಡುಗಳಿರುತ್ತವೆ. ಆದರೆ ಹಕ್ಕಿಗಳಿಗೆ ಮೆಚ್ಚು ಹುಣಸೆ. ಅದರ ಕೊಂಬೆ ಗಟ್ಟಿ, ಹರಹು ಅಗಲ, ಗಾಳಿಗೆ ಸುಲಭವಾಗಿ ಮುರಿಯುವುದಿಲ್ಲ. ಭಾರಿ ಮೈಯ ಹೆಜ್ಜಾರ್ಲೆಗೆ ಇದು ತಕ್ಕ ಆಸನ. ರೈತನಿಗೂ ಹುಣಸೆ ತಕ್ಕ ಮರವೇ. ನೀರು ಕೇಳುವುದಿಲ್ಲ, ಉಳುಮೆ ಕೇಳುವುದಿಲ್ಲ. ಹೊಲದ ಬದುವಿನಲ್ಲಿಯೋ ಹಿತ್ತಿಲಿನಲ್ಲಿಯೋ ನಿಂತು ವರ್ಷಕ್ಕೊಮ್ಮೆ ಹಣ್ಣು ಕೊಡುತ್ತದೆ. ಸಾರಿಗೆ, ಗೊಜ್ಜಿಗೆ ಬೇಕಾದಷ್ಟನ್ನು ಉಪ್ಪು ಬೆರಸಿ ಮಡಕೆಗೆ ತುಂಬಿಟ್ಟುಕೊಂಡು ಉಳಿದುದನ್ನು ಮಾರಬಹುದು; ಮರದ ಫಸಲನ್ನೇ ಗುತ್ತಿಗೆಗೆ ಕೊಟ್ಟು ಹಣವನ್ನು ಮೊದಲೇ ಎಣಿಸಿಕೊಳ್ಳಲೂಬಹುದು. ಮಳೆ ಕೈಕೊಟ್ಟ ವರ್ಷದಲ್ಲಿ ರಾಗಿ ಒಣಗಿಹೋದರೂ ಹುಣಸೆ ಏನಾದರೂ ಕೊಟ್ಟೀತು ಎಂಬುದು ಬಯಲುಸೀಮೆಯ ರೈತನ ಒಂದು ಧೈರ್ಯ. ಮಗಳ ಮದುವೆಯ ವರ್ಷ, ಸಾಲ ತೀರಿಸಬೇಕಾದ ವರ್ಷ, ಮರವೇ ನೆನಪಿಗೆ ಬರುತ್ತದೆ.

ಹುಣಸೆ ಹಣ್ಣಾಗುವುದು ಯಾವಾಗ? ಸಂಕ್ರಾಂತಿ ಕಳೆದ ಮೇಲೆ, ಯುಗಾದಿಯ ಆಚೀಚೆಗೆ. ಕಾಯಿಯ ಓಡು ಬಿರಿದು ಒಳಗಿನ ತಿರುಳು ಅದರಿಂದ ಬಿಟ್ಟುಕೊಂಡಾಗ ಆಳು ಮರವನ್ನು ಹತ್ತಿ ಕೊಂಬೆಗಳನ್ನು ಅಲುಗಿಸಿ, ಉದ್ದನೆಯ ಕೋಲಿನಿಂದ ಬಡಿದು ಹಣ್ಣನ್ನು ಉದುರಿಸುತ್ತಾನೆ. ಹಕ್ಕಿಗಳ ಲೆಕ್ಕವನ್ನು ಈಗ ಇದರ ಪಕ್ಕದಲ್ಲಿ ಇಟ್ಟು ನೋಡಿ. ಸರಿಯಾಗಿ ಅದೇ ತಿಂಗಳುಗಳಲ್ಲಿ ಮರದ ತುದಿಯ ಗೂಡುಗಳಲ್ಲಿ ಮೊಟ್ಟೆಗಳಿರುತ್ತವೆ, ಇಲ್ಲವೆ ರೆಕ್ಕೆ ಬಲಿಯದ ಮರಿಗಳಿರುತ್ತವೆ. ಕೋಲು ಬೀಸಿದರೆ ಹಣ್ಣಿನೊಡನೆ ಅವೂ ಉದುರಬೇಕು. ಬೀಸದಿದ್ದರೆ ಆ ವರ್ಷದ ಫಸಲು ಮರದಲ್ಲಿಯೇ ಹಾಳಾಗಬೇಕು. ಇದಲ್ಲದೆ ಗೂಡಿನ ಕೆಳಗಿನ ಕೊಂಬೆಗಳ ಮೇಲೆಲ್ಲ ಹಕ್ಕಿಯ ಹಿಕ್ಕೆ ಸುಣ್ಣ ಬಳಿದಂತೆ ಸುರಿದು, ಎಲೆ ಸೀದು, ಹೂ ನಿಲ್ಲದೆ, ಕಟ್ಟಿದ ಕಾಯಿಯೂ ಮಾರಾಟಕ್ಕೆ ಬಾರದಂತಾಗುತ್ತದೆ. ಮೀನಿನ ನಾತ, ಹಗಲಿರುಳು ಮರಿಗಳ ಕೂಗು, ಅಂಗಳಕ್ಕೆ ಬೀಳುವ ಕೊಳೆ ಇವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂತೂ ಹಕ್ಕಿ ಕುಳಿತ ಮರ ಒಡೆಯನ ಪಾಲಿಗೆ ಆ ವರ್ಷ ಇದ್ದೂ ಇಲ್ಲದಂತೆ. ಒಂದು ವರ್ಷವಲ್ಲ, ಹಕ್ಕಿ ಬರುವಷ್ಟು ವರ್ಷವೂ.

ಹಾಗಾದರೆ ಈ ಒಡೆಯನು ಇಷ್ಟು ಕಾಲ ಹಕ್ಕಿಯನ್ನು ಓಡಿಸದೆ ಇದ್ದುದು ಬರಿಯ ದಯೆಯಿಂದಲೇ? ದಯೆಯೂ ಉಂಟು, ಆದರೆ ಅದೊಂದೇ ಅಲ್ಲ. ಮರವನ್ನು ಕೆಡಿಸುವ ಹಿಕ್ಕೆಯೇ ಹೊಲಕ್ಕೆ ಅಮೃತ. ನೀರುಹಕ್ಕಿಗಳ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಸಮೃದ್ಧವಾಗಿವೆ. ಬೆಳ್ಳೂರಿನವರು ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡುಮಣ್ಣನ್ನು ತಂದು ಹರಡಿ, ಅದರ ಮೇಲೆ ಹಿಕ್ಕೆ ಬೀಳಲು ಬಿಟ್ಟು, ಹದವಾದ ಮೇಲೆ ಹೊಲಗದ್ದೆಗಳಿಗೆ ಹೊತ್ತುಕೊಂಡು ಹೋಗಿ ಹಾಕುತ್ತಿದ್ದರು. ದೂರದ ಕೆರೆಗಳ ಮೀನು ಹಕ್ಕಿಯ ಹೊಟ್ಟೆಯ ಮೂಲಕ ಈ ಊರಿನ ರಾಗಿಯ ತೆನೆಯಾಗಿ ಮಾರ್ಪಡುತ್ತಿತ್ತು. ಹಣ್ಣು ಹೋದರೂ ಗೊಬ್ಬರ ಬಂತು ಎಂಬ ಸಮಾಧಾನವಿತ್ತು. ಚೀಲದ ರಾಸಾಯನಿಕ ಗೊಬ್ಬರ ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುವಂತಾದಮೇಲೆ, ಮಣ್ಣು ಹೊರುವ ಆಳಿನ ಕೂಲಿ ಏರಿದಮೇಲೆ, ಈ ತಕ್ಕಡಿಯ ಒಂದು ತಟ್ಟೆ ಹಗುರವಾಯಿತು. ಇನ್ನೊಂದು ತಟ್ಟೆಯಲ್ಲಿ ಹುಣಸೆಯ ಬೆಲೆ ಏರುತ್ತಲೇ ಹೋಯಿತು. ಮರದ ಬೆಲೆಯೂ ಏರಿತು. ಹುಣಸೆಯ ಸೌದೆ ಒಳ್ಳೆಯ ಕಾವು ಕೊಡುವುದರಿಂದ ಇಟ್ಟಿಗೆಯ ಗೂಡುಗಳಿಗೆ ಅದು ಬೇಕು. ಅಣ್ಣತಮ್ಮಂದಿರು ಪಾಲಾಗುವಾಗ ಒಂದು ಮರ ನಾಲ್ವರ ಸ್ವತ್ತಾದರೆ, ನಾಲ್ವರಿಗೂ ಸುಲಭವಾಗಿ ಹಂಚಬಹುದಾದದ್ದು ಮರವನ್ನು ಮಾರಿದ ಹಣವೇ ಹೊರತು ಮರವಲ್ಲ. ಊರಿನಲ್ಲಿ ಹಳೆಯ ಹುಣಸೆಗಳು ಒಂದೊಂದಾಗಿ ಉರುಳಿದುದಕ್ಕೆ ಹಕ್ಕಿಯ ಮೇಲಿನ ದ್ವೇಷ ಕಾರಣವಾಗಿರಲಿಲ್ಲ. ಸಂಸಾರದ ತಾಪತ್ರಯವೇ ಕಾರಣವಾಗಿತ್ತು.

೧೯೭೬ರ ವರದಿಯ ತರುವಾಯ ಅರಣ್ಯ ಇಲಾಖೆಯವರು ಈ ತೊಡಕನ್ನು ಅರ್ಥಮಾಡಿಕೊಂಡರೆಂಬುದು ಮೆಚ್ಚತಕ್ಕ ಸಂಗತಿ. ಹಕ್ಕಿ ಗೂಡು ಕಟ್ಟಿದ ಮರಗಳ ಒಡೆಯರಿಗೆ ಫಸಲಿನ ನಷ್ಟಕ್ಕಾಗಿ ವರ್ಷವರ್ಷವೂ ಇಷ್ಟೆಂದು ಪರಿಹಾರವನ್ನು ಕೊಡುವ ಏರ್ಪಾಡು ಮಾಡಿದರು. ಹಕ್ಕಿಯನ್ನು ಕಾಯುವುದಕ್ಕಾಗಿ ಊರನ್ನು ಎಬ್ಬಿಸಲಿಲ್ಲ, ಮರಗಳನ್ನು ಸರ್ಕಾರಕ್ಕೆ ಸೇರಿಸಿಕೊಳ್ಳಲಿಲ್ಲ. ಒಡೆಯನನ್ನು ಒಡೆಯನಾಗಿಯೇ ಉಳಿಸಿ, ಅವನಿಗಾದ ನಷ್ಟದಲ್ಲಿ ತಾವೂ ಪಾಲುಗೊಂಡರು. ಇದು ನ್ಯಾಯವಾದ ದಾರಿಯೆಂದು ನನ್ನ ಅಭಿಪ್ರಾಯ. ಪರಿಹಾರ ಕೊಟ್ಟರೆ ಜನರ ಹಳೆಯ ಭಕ್ತಿ ಕೆಡುತ್ತದೆ, ಹಣಕ್ಕಾಗಿ ಹಕ್ಕಿ ಕಾಯುವವರಾಗುತ್ತಾರೆ ಎಂದು ಆಕ್ಷೇಪಿಸುವವರುಂಟು. ಹಾಗೆ ಆಕ್ಷೇಪಿಸುವವರ ಹಿತ್ತಿಲಿನಲ್ಲಿ ಸಾಮಾನ್ಯವಾಗಿ ಹುಣಸೆಮರವಿರುವುದಿಲ್ಲ. ಆದರೆ ಪರಿಹಾರಕ್ಕೂ ಒಂದು ಮಿತಿಯಿದೆ. ಅದು ಪೇಟೆಯ ಬೆಲೆಯೊಡನೆ ಏರದಿದ್ದರೆ, ಕಾಲಕ್ಕೆ ಸರಿಯಾಗಿ ಕೈಸೇರದಿದ್ದರೆ, ಒಡೆಯನಿಗೆ ಅದು ಗೌರವವಾಗಿ ತೋರುವುದಕ್ಕೆ ಬದಲಾಗಿ ಅಣಕವಾಗಿ ತೋರುತ್ತದೆ. ಮತ್ತು, ಇದ್ದ ಮರಕ್ಕೆ ಹಣ ಕೊಡಬಹುದು. ಇಲ್ಲದ ಮರವನ್ನು ನೆಡುವ ಮನಸ್ಸನ್ನು ಹಣದಿಂದ ಕೊಡಲಾಗದು.

ಆ ಮನಸ್ಸು ಬರುವುದು ಬೇರೆ ಕಡೆಯಿಂದ. ಬೆಳ್ಳೂರಿನಲ್ಲಿ ಈ ಹಕ್ಕಿಗಳನ್ನು ಕುರಿತು ಹೆಣ್ಣುಮಕ್ಕಳು ಹೇಳುವ ಮಾತೊಂದು ಪ್ರಸಿದ್ಧವಾಗಿದೆ: ಹಕ್ಕಿಗಳು ಊರಿನ ಮಗಳುಗಳಿದ್ದಂತೆ, ಬಾಣಂತನಕ್ಕೆ ತವರಿಗೆ ಬಂದಿವೆ. ಶ್ರೋತೃಗಳು ಇದನ್ನು ಬರಿಯ ಅಲಂಕಾರವೆಂದು ತಿಳಿಯಬಾರದು. ಇದರಲ್ಲಿ ಒಂದು ಕಟ್ಟಳೆಯೇ ಅಡಗಿದೆ. ಬಾಣಂತಿಯಾಗಿ ಬಂದ ಮಗಳಿಂದ ತವರಿಗೆ ಖರ್ಚುಂಟು, ಕೆಲಸವುಂಟು, ನಿದ್ದೆಗೇಡುಂಟು. ಆದರೂ ಅವಳನ್ನು ಬಾರದಿರು ಎನ್ನಲಾಗದು. ಅವಳು ಮಗುವಿನೊಡನೆ ಸುಖವಾಗಿ ಹಿಂದಿರುಗುವ ತನಕ ಹೊಣೆ ತವರಿನದು. ಹಕ್ಕಿಗೆ ಈ ಸ್ಥಾನವನ್ನು ಕೊಟ್ಟ ಊರು ಅದರಿಂದಾಗುವ ನಷ್ಟಕ್ಕೂ ಮನಸ್ಸಿನಲ್ಲಿ ಒಂದು ಜಾಗ ಮಾಡಿಕೊಂಡಿದೆ. ಅವು ಬಂದ ವರ್ಷ ಮಳೆಬೆಳೆ ಚೆನ್ನಾಗಿರುತ್ತದೆ ಎಂಬ ನಂಬಿಕೆಯೂ ಉಂಟು. ಕೆರೆ ತುಂಬಿದ ವರ್ಷ ಹಕ್ಕಿ ಹೆಚ್ಚಾಗಿ ಮರಿಮಾಡುವುದರಿಂದ ಈ ನಂಬಿಕೆಯಲ್ಲಿ ಕಾರ್ಯಕಾರಣಗಳು ಹಿಂದುಮುಂದಾಗಿರಬಹುದಾದರೂ ಅನುಭವ ಸುಳ್ಳಲ್ಲ.

ಈ ಭಾವನೆಯನ್ನು ಕೆಲಸದ ರೂಪಕ್ಕೆ ತಂದ ಪ್ರಯತ್ನವೊಂದು ೧೯೯೦ರ ದಶಕದಲ್ಲಿ ನಡೆಯಿತು. ಮೈಸೂರಿನ ಹವ್ಯಾಸಿ ಪ್ರಕೃತಿಪ್ರಿಯರ ತಂಡವೊಂದು ಊರಿನಲ್ಲಿ ಬಂದು ನೆಲಸಿ ಕೆಲಸಮಾಡತೊಡಗಿತು. ಊರಿನ ತರುಣರು ಸೇರಿ ಹೆಜ್ಜಾರ್ಲೆ ಬಳಗವನ್ನು ಕಟ್ಟಿಕೊಂಡರು. ಗೂಡುಗಳು ಒತ್ತೊತ್ತಾಗಿರುವುದರಿಂದಲೂ ಗಾಳಿಯಿಂದಲೂ ಮರಿಗಳು ಕೆಳಕ್ಕೆ ಬೀಳುವುದುಂಟು. ನೆಲಕ್ಕೆ ಬಿದ್ದ ಮರಿಗೆ ತಾಯಿ ತಿನ್ನಿಸುವುದಿಲ್ಲ. ನಾಯಿಯ ಬಾಯಿಗೆ ಹೋಗುವುದೇ ಅದರ ಗತಿ. ಬಳಗದವರು ಇಂಥ ಮರಿಗಳನ್ನು ಎತ್ತಿತಂದು, ಬಲೆಯ ಆವರಣದೊಳಗೆ ಇರಿಸಿ, ಮೀನು ತಂದು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಕೆಲಸವನ್ನು ಕೈಗೊಂಡರು. ಹೀಗೆ ಉಳಿದ ಮರಿಗಳ ಸಂಖ್ಯೆಗಿಂತಲೂ ದೊಡ್ಡ ಲಾಭ ಬೇರೆಯದು. ಹಕ್ಕಿಯ ವಿಷಯದಲ್ಲಿ ಸುಮ್ಮನಿರುವುದು ಹಿಂದಿನವರ ಧರ್ಮವಾಗಿತ್ತು. ಹಕ್ಕಿಗಾಗಿ ಏನಾದರೂ ಮಾಡುವುದು ಹೊಸಬರ ಧರ್ಮವಾಯಿತು. ಊರಿನ ಮಕ್ಕಳು ಗೂಡುಗಳನ್ನು ಎಣಿಸಲು ಕಲಿತರು.

ಊರವರು ಕಾಯುತ್ತಾರೆ, ಸರ್ಕಾರ ಬೆಂಬಲ ಕೊಡುತ್ತದೆ ಎಂಬ ಈ ಕ್ರಮ ನಮ್ಮ ದೇಶಕ್ಕೆ ಹೊಸದಲ್ಲ. ಮದರಾಸಿನ ಬಳಿಯ ವೇಡಂತಾಂಗಲ್ ಎಂಬ ಹಳ್ಳಿಯ ಕೆರೆಯಲ್ಲಿ ಸಾವಿರಾರು ಕೊಕ್ಕರೆ ಬಕಗಳು ಗೂಡುಕಟ್ಟುತ್ತವೆ. ಅವುಗಳ ಹಿಕ್ಕೆ ಬೆರೆತ ಕೆರೆಯ ನೀರು ಗದ್ದೆಗೆ ಒಳ್ಳೆಯ ಗೊಬ್ಬರವೆಂಬುದನ್ನು ರೈತರು ಬಹು ಹಿಂದೆಯೇ ಕಂಡುಕೊಂಡಿದ್ದರು. ಕಂಪನಿಯ ಆಳ್ವಿಕೆಯ ಕಾಲದಲ್ಲಿ ಸಿಪಾಯಿಗಳು ಬಂದು ಈ ಹಕ್ಕಿಗಳನ್ನು ಗುಂಡಿಟ್ಟು ಹೊಡೆಯತೊಡಗಿದಾಗ ಊರವರು ಚೆಂಗಲ್‌ಪೇಟೆಯ ಕಲೆಕ್ಟರರ ಹತ್ತಿರ ಹೋಗಿ ದೂರಿಕೊಂಡರು. ಲಯನೆಲ್ ಪ್ಲೇಸ್ ಎಂಬ ಆ ಕಲೆಕ್ಟರರು ೧೭೯೮ರಲ್ಲಿ, ಅಲ್ಲಿ ಯಾರೂ ಬೇಟೆಯಾಡಕೂಡದೆಂದು ಊರವರಿಗೆ ಹಕ್ಕುಪತ್ರವನ್ನು ಕೊಟ್ಟರು. ಹಕ್ಕಿಗಳನ್ನು ಕಾಯುವ ಯೋಚನೆ ಕಲೆಕ್ಟರರದಲ್ಲ. ಹೊರಗಿನ ಬಂದೂಕನ್ನು ತಡೆಯುವ ಅಧಿಕಾರ ಮಾತ್ರ ಅವರದು. ತಿರುನೆಲ್ವೇಲಿಯ ಕೂಂತಕುಳಂ ಊರಿನಲ್ಲಿಯೂ ಬೆಳ್ಳೂರಿನಂತೆಯೇ ಬೀದಿಯ ಮರಗಳಲ್ಲಿ ಗೂಡುಗಳು, ಬಿದ್ದ ಮರಿಗಳಿಗೆ ಆರೈಕೆ. ಶಿವಗಂಗೆ ಸೀಮೆಯ ಕೊಳ್ಳುಕುಡಿಪಟ್ಟಿಯವರು ಹಕ್ಕಿಗಳು ಬೆದರಿಯಾವೆಂದು ದೀಪಾವಳಿಗೆ ಪಟಾಕಿ ಸುಡುವುದನ್ನೇ ಬಿಟ್ಟಿದ್ದಾರೆ. ಹಬ್ಬದ ದಿನ ಮಕ್ಕಳ ಕೈಯಿಂದ ಪಟಾಕಿ ಬಿಡಿಸುವುದು ಎಷ್ಟು ಕಷ್ಟವೆಂಬುದನ್ನು ತಾಯಿತಂದೆಗಳಿಗೆ ನಾನು ಹೇಳಬೇಕಾದುದಿಲ್ಲ.

ವೇಡಂತಾಂಗಲಿನ ಹಳ್ಳಿಗರು ಪಡೆದ ಹಕ್ಕುಪತ್ರಕ್ಕೆ ಸಮಾನವಾದುದನ್ನು ಇಡೀ ದೇಶದ ಕಾನೂನಿನಲ್ಲಿ ಸೇರಿಸಲು ಎರಡು ನೂರು ವರ್ಷಗಳೇ ಬೇಕಾದುವು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದಲ್ಲಿ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಎಂಬ ವಿಭಾಗಗಳಿದ್ದುವು; ಜನರ ಮನೆಮಾರುಗಳ ನಡುವೆ ಗೂಡುಕಟ್ಟುವ ಹಕ್ಕಿಗೆ ಅವೆರಡೂ ಹೊಂದುವಂತಿರಲಿಲ್ಲ. ೨೦೦೨ರ ತಿದ್ದುಪಡಿಯಿಂದ ‘ಸಮುದಾಯ ಮೀಸಲು’ ಎಂಬ ಹೊಸ ವಿಭಾಗವೊಂದು ಏರ್ಪಟ್ಟಿತು. ಖಾಸಗಿಯಾದ ಅಥವಾ ಸಮುದಾಯಕ್ಕೆ ಸೇರಿದ ನೆಲದಲ್ಲಿ ಜನರು ತಾವಾಗಿಯೇ ವನ್ಯಜೀವಿಗಳನ್ನು ಕಾಯಲು ಮುಂದೆ ಬಂದರೆ ಅಂಥ ನೆಲವನ್ನು ಹೀಗೆಂದು ಸಾರಬಹುದು. ಅದರ ಆಡಳಿತಕ್ಕೆ ಒಂದು ಸಮಿತಿ. ಅದರಲ್ಲಿ ಗ್ರಾಮ ಪಂಚಾಯತಿ ಹೆಸರಿಸಿದ, ಐವರಿಗೆ ಕಡಮೆಯಿಲ್ಲದಷ್ಟು ಪ್ರತಿನಿಧಿಗಳು, ಅರಣ್ಯ ಇಲಾಖೆಯ ಒಬ್ಬರು. ಒಬ್ಬರೇ ಎಂಬುದನ್ನು ಗಮನಿಸಬೇಕು. ಆದರೆ ಒಮ್ಮೆ ಸಾರಿದ ಮೇಲೆ, ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಇಲ್ಲದೆ ನೆಲದ ಬಳಕೆಯನ್ನು ಬದಲಾಯಿಸುವಂತಿಲ್ಲ. ನಾಳೆ ಹಿತ್ತಿಲಿನಲ್ಲಿ ಮಗನಿಗೊಂದು ಮನೆ ಕಟ್ಟಬೇಕಾದರೆ ಏನು ಗತಿ ಎಂದು ರೈತನು ಅನುಮಾನಪಡುವುದು ಸಹಜವೇ. ಅವನ ಅನುಮಾನವನ್ನು ಕಾಗದದಿಂದ ತೆಗೆಯಲಾಗದು. ಸಮಿತಿ ನಡೆದುಕೊಳ್ಳುವ ರೀತಿಯಿಂದಲೇ ಅದು ಹೋಗಬೇಕು. ೨೦೦೭ರಲ್ಲಿ ಕೊಕ್ಕರೆ ಬೆಳ್ಳೂರು ಈ ವಿಭಾಗಕ್ಕೆ ಸೇರಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಹಕ್ಕಿ ಊರಿನಲ್ಲಿ ಮಲಗುತ್ತದೆ, ಮರಿಮಾಡುತ್ತದೆ. ಉಣ್ಣುವುದು ಮಾತ್ರ ಊರ ಹೊರಗೆ. ಬಿಸಿಲೇರಿದ ಮೇಲೆ ಮೇಲೇಳುವ ಬಿಸಿಗಾಳಿಯ ಆಸರೆಯಲ್ಲಿ ಹೆಜ್ಜಾರ್ಲೆಗಳು ಸುತ್ತುಸುತ್ತಾಗಿ ಮೇಲೇರಿ, ರೆಕ್ಕೆ ಬಡಿಯದೆಯೇ ತೇಲಿಕೊಂಡು, ಮದ್ದೂರು ಸುತ್ತಿನ ಕೆರೆಗಳಿಗೂ ಅದರಾಚೆಗೂ ಹೋಗುತ್ತವೆ. ಎರಡು ಜಾತಿಗಳಿಗೂ ಮೀನೇ ಆಹಾರವಾದರೂ ಹಿಡಿಯುವ ಬಗೆ ಬೇರೆ. ಹೆಜ್ಜಾರ್ಲೆ ಆಳವಾದ ನೀರಿನಲ್ಲಿ ಈಜುತ್ತ ಚೀಲದಿಂದ ಮೊಗೆಯುತ್ತದೆ. ಬಣ್ಣದ ಕೊಕ್ಕರೆಗೆ ಈಜು ಬಾರದು. ಮೊಳಕಾಲೆತ್ತರದ ನೀರಿನಲ್ಲಿ ನಡೆಯುತ್ತ, ಅರೆದೆರೆದ ಕೊಕ್ಕನ್ನು ನೀರಿನಲ್ಲಿ ಅದ್ದಿ ಆಡಿಸುತ್ತ, ಮೀನು ತಾಗಿದೊಡನೆ ಕಚ್ಚುತ್ತದೆ. ಕೆರೆಯ ಹೂಳನ್ನು ತೆಗೆಯುವ ನೆಪದಲ್ಲಿ ಅಂಚನ್ನೆಲ್ಲ ಯಂತ್ರದಿಂದ ಕಡಿದಾಗಿ ಕೊರೆದುಬಿಟ್ಟರೆ ನೀರು ಹೆಚ್ಚಾಗಿ ನಿಲ್ಲುವುದು ನಿಜ. ಕೊಕ್ಕರೆಗೆ ಮಾತ್ರ ನಿಲ್ಲಲು ಜಾಗವಿಲ್ಲ. ಕೆರೆಯ ಮೀನನ್ನು ಹರಾಜಿನಲ್ಲಿ ಹಿಡಿದವನಿಗೆ ಹಕ್ಕಿ ತವರಿಗೆ ಬಂದ ಮಗಳಲ್ಲ, ಕಳ್ಳ. ಅವನನ್ನು ಬೈಯುವುದೂ ಸಲ್ಲದು. ಹರಾಜಿನ ಹಣ ಕಟ್ಟಿದವನು ಅವನು, ಹುಣಸೆಯ ಒಡೆಯನಿಗೆ ಸಿಕ್ಕಿದ ಪರಿಹಾರ ಅವನಿಗೆ ಸಿಕ್ಕಿಲ್ಲ.

ಈ ಹೊರಗಿನ ಕೆರೆಗಳ ವಿಚಾರ ಎಷ್ಟು ಗಂಭೀರವೆಂಬುದು ೨೦೧೭ರ ಕೊನೆಯಿಂದ ೨೦೧೮ರ ಮೊದಲ ಭಾಗದ ವರೆಗೆ ಚೆನ್ನಾಗಿ ತಿಳಿಯಿತು. ಆ ಕಾಲದಲ್ಲಿ ಬೆಳ್ಳೂರಿನ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತು ಮರದಿಂದ ಬೀಳತೊಡಗಿದುವು. ಕೆಲವೇ ತಿಂಗಳುಗಳಲ್ಲಿ ಹಲವು ಹತ್ತು ಹಕ್ಕಿಗಳು ಹೋದುವು. ಮೊದಲು ಹಕ್ಕಿಜ್ವರವೆಂಬ ಭಯ ಹುಟ್ಟಿತು. ಸತ್ತ ಹಕ್ಕಿಗಳನ್ನು ಪರೀಕ್ಷಿಸಿದಾಗ ಅವುಗಳ ಹೊಟ್ಟೆಯಲ್ಲಿ ದಾರದಂತಹ ಪರಾವಲಂಬಿ ಹುಳುಗಳು ತುಂಬಿದ್ದುದು ಕಂಡುಬಂತು. ಈ ಹುಳು ಹಕ್ಕಿಯ ದೇಹಕ್ಕೆ ಬರುವುದು ಮೀನಿನ ಮೂಲಕ. ಊರಿನಲ್ಲಿ ಯಾರೊಬ್ಬರೂ ಕಲ್ಲೆಸೆದಿರಲಿಲ್ಲ, ಮರವನ್ನು ಕಡಿದಿರಲಿಲ್ಲ. ಮಗಳನ್ನು ತವರಿನಲ್ಲಿ ಎಷ್ಟು ಮುದ್ದಾಗಿ ನೋಡಿಕೊಂಡರೂ ಅವಳು ಉಂಡ ಅನ್ನವೇ ಕೆಟ್ಟುದಾಗಿದ್ದರೆ ತವರಿನವರು ಮಾಡುವುದೇನು? ಬೆಳ್ಳೂರಿನ ಸಮಿತಿಯ ಅಧಿಕಾರ ಊರಿನ ಸುತ್ತಣ ಸುಮಾರು ಮೂರು ಚದರ ಕಿಲೋಮೀಟರಿನಲ್ಲಿಯೇ ನಿಲ್ಲುತ್ತದೆ. ಕೆರೆಗಳಾದರೋ ಹತ್ತಾರು ಪಂಚಾಯತಿಗಳಿಗೂ ಎರಡು ಮೂರು ಇಲಾಖೆಗಳಿಗೂ ಸೇರಿವೆ. ಅವುಗಳೊಳಕ್ಕೆ ಹರಿದುಬರುವ ಊರುಗಳ ಕೊಳಚೆಗೆ ಯಾರ ಮೇಲೆಯೂ ಹೊಣೆಯಿಲ್ಲ. ಹಕ್ಕಿಗಳನ್ನು ಕಾಯುವ ಸಮುದಾಯವೆಂದರೆ ಮರದ ಒಡೆಯರಷ್ಟೇ ಎಂದು ನಾವು ಎಣಿಸಿದ್ದು ಸಾಲದು. ಕೆರೆಯ ಅಚ್ಚುಕಟ್ಟಿನ ರೈತ, ನೀರುಗಂಟಿ, ಮೀನಿನ ಗುತ್ತಿಗೆದಾರ ಇವರೆಲ್ಲರೂ ಆ ಸಮಿತಿಯ ಚಾವಡಿಯಲ್ಲಿ ಕುಳಿತುಕೊಳ್ಳಬೇಕಾದವರು. ಅವರನ್ನು ಕರೆಯುವ ಕಾನೂನು ಇನ್ನೂ ಆಗಿಲ್ಲ; ಕರೆಯಬಾರದೆಂಬ ಕಾನೂನೂ ಇಲ್ಲ.

ಇನ್ನು ಮರಗಳ ಮಾತು. ಊರಿನ ಸುತ್ತ ಹೊಸ ಸಸಿಗಳನ್ನು ನೆಡುವ ಕೆಲಸ ನಡೆದಿದೆ. ಹುಣಸೆಯ ಸಸಿ ಹಣ್ಣು ಬಿಡಲು ಹತ್ತು ವರ್ಷ ಹಿಡಿಯಬಹುದು. ಹೆಜ್ಜಾರ್ಲೆಯ ಸಂಸಾರವನ್ನು ಹೊರುವಷ್ಟು ಹರಡಿ ಬೆಳೆಯಬೇಕಾದರೆ ಅದರ ಹಲವು ಪಾಲು ಕಾಲ ಬೇಕು. ಇಂದು ಹಕ್ಕಿ ಕುಳಿತಿರುವ ಮರಗಳನ್ನು ನೆಟ್ಟವರು ಯಾರೂ ಈಗ ಬದುಕಿಲ್ಲ. ಜೂನಿನಲ್ಲಿ ಕೊನೆಯ ಮರಿಯೂ ಹಾರಿಹೋದಮೇಲೆ ಊರು ಇದ್ದಕ್ಕಿದ್ದಂತೆ ನಿಶ್ಶಬ್ದವಾಗುತ್ತದೆ. ಮುಂಗಾರಿನ ಮಳೆ ಕೊಂಬೆಗಳ ಮೇಲಿನ ಬಿಳುಪನ್ನು ತೊಳೆಯುತ್ತದೆ. ಸೀದ ರೆಂಬೆಗಳಲ್ಲಿ ಚಿಗುರು ಬರುತ್ತದೆ. ಬರಿಯ ಗೂಡುಗಳನ್ನು ಹೊತ್ತ ಮರದ ಕೆಳಗೆ ನಿಂತು, ಈ ವರ್ಷದ ಪರಿಹಾರವೆಷ್ಟು, ಸೌದೆಯವನು ಹೇಳುವ ಬೆಲೆಯೆಷ್ಟು ಎಂದು ಒಡೆಯನು ಲೆಕ್ಕ ಹಾಕಿ ನೋಡುವುದಾದರೆ, ಅವನು ನೋಡುವುದು ಹಕ್ಕಿಗಳಿಲ್ಲದ ಈ ನಾಲ್ಕೈದು ತಿಂಗಳುಗಳಲ್ಲಿ. ಹಕ್ಕಿಗಳನ್ನು ನೋಡಲು ಪಟ್ಟಣದಿಂದ ಬರುವ ನಾವು ಯಾರೂ ಆಗ ಅಲ್ಲಿರುವುದಿಲ್ಲ.